ಬೆನ್ನ ಮೇಲೆ ಬೀಳುವ ವಿದ್ಯೆ

ಭಾನುವಾರ ಸಂಜೆ ಬಳ್ಳಾರಿಯ ಪಾರ್ವತಿನಗರದಲ್ಲಿ, ಒಗ್ಗರಣೆ ಮಂಡಕ್ಕಿ, ಮಿರ್ಚಿ ಮಾರುವ ಅಂಗಡಿಯ ಮುಂದೆ ನಾವು ಮೂವರು ಸೇರುತ್ತಿದ್ದೆವು. ನಾನು ಇದೇ ಊರಿನ ಕಚೇರಿ ಗುಮಾಸ್ತ. ಇನ್ನೊಬ್ಬ ಸಿರುಗುಪ್ಪದವನು. ಅಕ್ಕಿ ಗಿರಣಿಯಲ್ಲಿ ಅವನ ಕೆಲಸ, ತಲೆಯಲ್ಲಿ ಮಾತ್ರ ಬರೀ ಅನ್ಯಗ್ರಹ, ಯಂತ್ರಮಾನವ, ಕಾಲಯಂತ್ರ. ಅಂಥ ಕತೆ ಬರೆಯುವ ಹುಚ್ಚು ಅವನಿಗೆ. ಮೂರನೆಯವನು ಕುರುಗೋಡಿನ ಪೈಲ್ವಾನ. ಅವನ ಅಪ್ಪ ಬದುಕಿದ್ದಾಗ ಗರಡಿ ಮನೆ ನಡೆಸುತ್ತಿದ್ದರು. ಮಗ ನಡೆಯಲು ಕಲಿತದ್ದೇ ಆ ಕೆಂಪು ಮಣ್ಣಿನಲ್ಲಿ.

ನಮ್ಮ ಮಾತಿಗೆ ತಲೆಬುಡ ಇರುತ್ತಿರಲಿಲ್ಲ. ಆ ವಾರ ಬಂದ ತೆಲುಗು ಸಿನಿಮಾದಲ್ಲಿ ಹೀರೋ ಒಂದೇ ಒದೆತಕ್ಕೆ ಲಾರಿ ಉರುಳಿಸಿದ್ದು ಸರಿಯೋ ತಪ್ಪೋ ಎಂದು ಶುರುವಾದರೆ, ಚಹಾ ಮುಗಿಯುವಷ್ಟರಲ್ಲಿ ಮಂಗಳ ಗ್ರಹದಲ್ಲಿ ಕುಸ್ತಿ ಆಡಿದರೆ ಎತ್ತಿ ಒಗೆದವನು ಎಷ್ಟು ದೂರ ಹೋಗಿ ಬಿದ್ದಾನು ಎಂಬಲ್ಲಿಗೆ ಬಂದಿರುತ್ತಿತ್ತು. ಸಿರುಗುಪ್ಪದವನು ಅದಕ್ಕೂ ಲೆಕ್ಕ ಹಾಕಿ ಹೇಳುತ್ತಿದ್ದ. ಲೆಕ್ಕ ತಪ್ಪಿರುತ್ತಿತ್ತು, ಆದರೆ ಹೇಳುವ ಗತ್ತು ನಂಬುವ ಹಾಗಿತ್ತು.

ಪೈಲ್ವಾನ ಈಚೆಗೆ ಒಂದು ಸಣ್ಣ ತಂಡ ಸೇರಿಕೊಂಡಿದ್ದ. ಟಿವಿಯಲ್ಲಿ ಬರುವ ಅಮೆರಿಕದ ಕುಸ್ತಿಯ ಹಾಗೆಯೇ ಬಣ್ಣದ ಚಡ್ಡಿ, ಮುಖವಾಡ, ನಾಲ್ಕು ಕಡೆ ಹಗ್ಗ ಬಿಗಿದ ರಿಂಗು. ದೊಡ್ಡ ಕಂಪನಿ, ಟಿವಿ ಗಿವಿ ಏನೂ ಇಲ್ಲ. ತಾವೇ ರಿಂಗು ಕಟ್ಟಿ, ತಾವೇ ಆಡಿ, ತಾವೇ ಬಿಚ್ಚಿ ಟೆಂಪೋದಲ್ಲಿ ಹಾಕಿಕೊಂಡು ಮುಂದಿನ ಊರಿಗೆ ಹೋಗುವವರು. ಯಾರು ಗೆಲ್ಲಬೇಕು, ಯಾರು ಸೋಲಬೇಕು ಎಂಬುದು ಮೊದಲೇ ನಿಗದಿ. ಅದನ್ನು ಕೇಳಿ 'ಅಯ್ಯೋ, ಎಲ್ಲಾ ಸುಳ್ಳಾಟ' ಎಂದು ಮೂಗು ಮುರಿಯುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅಂಥವರನ್ನು ಒಮ್ಮೆ ಎತ್ತಿ ಆ ರಿಂಗಿನ ಹಲಗೆಯ ಮೇಲೆ ಒಗೆಯಬೇಕು.

"ಗೆಲ್ಲೋದು ಸುಳ್ಳಲೇ, ಬೀಳೋದು ಖರೇ," ಎನ್ನುತ್ತಿದ್ದ ಪೈಲ್ವಾನ.

ಆ ಬೀಳುವುದೇ ಅವನಿಗೆ ಕಷ್ಟವಾಗಿತ್ತು. ಈ ಆಟದಲ್ಲಿ ಎತ್ತಿ ಒಗೆದಾಗ ಗದ್ದವನ್ನು ಎದೆಗೆ ಒತ್ತಿಕೊಂಡು, ಕೈ ಅಗಲಿಸಿ, ಬೆನ್ನು ಪೂರ್ತಿ ಚಪ್ಪಟೆಯಾಗಿ ನೆಲಕ್ಕೆ ಬಡಿಯುವಂತೆ ಬೀಳಬೇಕು. ಹಾಗೆ ಬಿದ್ದರೆ ಸದ್ದು ಜಾಸ್ತಿ, ಪೆಟ್ಟು ಕಡಿಮೆ. ಗರಡಿಯಲ್ಲಿ ಇದರ ತದ್ವಿರುದ್ಧ. ಅಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಕುಸ್ತಿ ಮುಗಿಯಿತು, ಮಾನ ಹೋಯಿತು. ಕೆಳಗೆ ಬೀಳುವಾಗ ಹೇಗಾದರೂ ಹೊರಳಬೇಕು, ಹೆಗಲು ಕೊಡು, ಮೊಣಕೈ ಕೊಡು, ತಲೆ ಊರಿ ನಿಲ್ಲು, ಬೆನ್ನು ಮಾತ್ರ ಕೊಡಬೇಡ. ನಮ್ಮ ಕಡೆ ಕುಸ್ತಿ ನೋಡುವ ಹಿರಿಯರು ಅಖಾಡದ ಸುತ್ತ ಕೂತು ಕೂಗುವುದೂ ಅದನ್ನೇ: "ಬೆನ್ನು ಕೊಡಬ್ಯಾಡಲೇ!"

ಸಿರುಗುಪ್ಪದಲ್ಲಿ ಅವರ ಆಟ ನಡೆದಾಗ ನಾನೂ ಹೋಗಿದ್ದೆ. ಬತ್ತದ ಗೋದಾಮಿನ ಅಂಗಳದಲ್ಲಿ ರಿಂಗು. ಎದುರಾಳಿ ಇವನನ್ನು ತಲೆಯ ಮೇಲೆ ಎತ್ತಿದ. ಅಷ್ಟರಲ್ಲಿ ಮುಂದೆ ಕೂತಿದ್ದ ಮುದುಕರೊಬ್ಬರು, ಯಾವ ಕಾಲದ ಪೈಲ್ವಾನರೋ, ತಡೆಯಲಾಗದೆ ಎದ್ದು ಅದನ್ನೇ ಕೂಗಿಬಿಟ್ಟರು. ಇವನು ಗಾಳಿಯಲ್ಲೇ ಹೊರಳಿದ. ಹೆಗಲ ಮೇಲೆ ಬಿದ್ದ. ಇನ್ನೊಂದು ಗೇಣು ಹೊರಳಿದ್ದರೆ ಕುತ್ತಿಗೆ. ಎದ್ದು ಆಟ ಮುಗಿಸಿದ, ಜನ ಸಿಳ್ಳೆ ಹೊಡೆದರು.

ಮುಂದಿನ ಭಾನುವಾರ ಅವನು ತೋಳನ್ನು ಮೈಗೆ ಒತ್ತಿಕೊಂಡೇ ಚಹಾ ಕುಡಿದ.

"ನನ್ನ ಕತಿಯೊಳಗ ಒಂದು ಯಂತ್ರ ಐತಿ," ಎಂದ ಸಿರುಗುಪ್ಪದವನು. "ಮನುಷ್ಯಾನ್ನ ಒಳಗ ಕುಂದ್ರಿಸಿದ್ರ ಮೈಯಾಗಿಂದು ಒಂದು ಚಾಳಿ ತಗದು ಹಾಕ್ತೈತಿ. ಯಾವ್ದಾರ ಒಂದೇ. ನಿಂದು ಯಾವ್ದು ತಗೀಲಿ?"

"ನಂದಾ? ಗೊತ್ತೈತಲ್ಲ, ಹೊರಳೋದು," ಎಂದ ಪೈಲ್ವಾನ.

"ತಗದ್ರ ನಿಮ್ಮಪ್ಪನ್ನೂ ತಗದಂಗ ಆಕತಿ ನೋಡು."

ಪೈಲ್ವಾನ ನಗಲಿಲ್ಲ. ಮಿರ್ಚಿಯ ತೊಟ್ಟನ್ನು ಕಾಗದದಲ್ಲಿ ಸುತ್ತಿ ಸುತ್ತಿ ಸಣ್ಣದು ಮಾಡಿದ. ಆಮೇಲೆ ಹೇಳಿದ, "ಮುಂದಿಂದು ಕುರುಗೋಡಿನ್ಯಾಗ ಐತಿ."

ಸಿರುಗುಪ್ಪದಲ್ಲಿ ಕೂಗಿದ್ದು ಒಬ್ಬರು. ಕುರುಗೋಡಿನಲ್ಲಿ ಗರಡಿಯವರೇ ತುಂಬಿರುತ್ತಾರೆ, ಅಪ್ಪನ ಶಿಷ್ಯರು, ಓಣಿಯವರು, ಇವನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವರು. ಇವನನ್ನು ಎತ್ತಿದ ಕೂಡಲೇ ಇಡೀ ಊರು ಪ್ರೀತಿಯಿಂದ ಕೂಗುತ್ತದೆ.

"ಅಲ್ಲಿ ಬ್ಯಾಡ," ಎಂದೆ. "ಬ್ಯಾರೆ ಎಲ್ಲಿ ಬೇಕಾದ್ರೂ ಆಡು."

"ನಮ್ಮೂರಾಗ ಆಡಲಿಲ್ಲಂದ್ರ ಇನ್ನೆಲ್ಲಿ ಆಡಿ ಏನು ಬಂತು?"

"ಮಂದಿಗೆ ಮೊದ್ಲ ಹೇಳು, ಕೂಗಬ್ಯಾಡ್ರಿ ಅಂತ."

"ಕುಸ್ತಿ ನೋಡಾಕ ಬಂದವ್ರಿಗೆ ಬಾಯಿ ಮುಚ್ರಿ ಅನ್ಲಾ?" ಎಂದು ರೇಗಿದ. ಸ್ವಲ್ಪ ಹೊತ್ತಿನ ಮೇಲೆ ತಾನೇ ಮೆತ್ತಗಾದ. "ನೀ ಒಂದು ಕೆಲ್ಸ ಮಾಡು. ಅವ್ವನ ಬಾಜೂಕ ಕುಂದ್ರು. ಎಲ್ಲಾ ನಾಟಕ ಅಂತ ಹೇಳು. ಇಲ್ಲಾಂದ್ರ ಆಕಿ ಬರಂಗಿಲ್ಲ."

ಹಾಗೆ ನಾನು ಅವನ ತಾಯಿಯ ಪಕ್ಕ ಕೂತೆ. ಊರ ಹೊರಗಿನ ಬಯಲು, ಹಿಂದೆ ಕುರುಗೋಡಿನ ಬಂಡೆಗುಡ್ಡ ಹಗಲೆಲ್ಲ ಕಾದು ಇನ್ನೂ ಧಗೆ ಉಗುಳುತ್ತಿತ್ತು. ಬಿಸಿಲು ಇಳಿಯುವ ಹೊತ್ತು. ನೋಡಿದಲ್ಲೆಲ್ಲ ರುಮಾಲು, ದಪ್ಪ ಕುತ್ತಿಗೆ, ಗುದ್ದಿಸಿಕೊಂಡು ಮಡಚಿಹೋದ ಕಿವಿ. ಒಬ್ಬೊಬ್ಬರನ್ನೂ ನೋಡಿದಷ್ಟೂ ನನಗೆ ಭಯ ಹೆಚ್ಚಾಯಿತು. ಒಳ್ಳೆಯ ಜನ, ಊರ ಮಗನ ಆಟ ನೋಡಲು ಮಡಿ ಪಂಚೆ ಉಟ್ಟು ಬಂದವರು.

ತಾಯಿ ಸೆರಗಿನ ತುದಿ ಕಚ್ಚಿಕೊಂಡು ಕೂತಿದ್ದರು. ಮೊದಲ ಜೋಡಿ ಆಡುವಾಗ ಪ್ರತಿ ಹೊಡೆತಕ್ಕೂ ಬೆಚ್ಚಿದರು.

"ಗಾಬ್ರಿ ಆಗಬ್ಯಾಡ್ರಿ ಅಮ್ಮಾ, ಎಲ್ಲಾ ನಾಟಕ."

"ಹೌದಾ ತಮ್ಮಾ? ಪೆಟ್ಟು ಹತ್ತಂಗಿಲ್ಲಾ?"

"ಇಲ್ರಿ."

ಮೂರ್ನಾಲ್ಕು ಸಲ ಹೇಳಿದ ಮೇಲೆ ಅವರು ನಂಬಿದರು. ಸೆರಗು ಬಾಯಿಂದ ಬಿಟ್ಟರು. ಶೇಂಗಾ ಪೊಟ್ಟಣ ಬಿಚ್ಚಿ ನನಗೂ ಕೊಟ್ಟರು. ಮಗ ಬಂದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಅವನು ಮೊದಲು ಬಗ್ಗಿ, ಮಣ್ಣಿಲ್ಲದ ಆ ರಿಂಗಿನ ನೆಲವನ್ನು ಮುಟ್ಟಿ ಹಣೆಗೆ ಒತ್ತಿಕೊಂಡ. ಬಯಲೆಲ್ಲ ಕೇಕೆ ಹಾಕಿತು.

ಆಟ ಚೆನ್ನಾಗಿಯೇ ನಡೆಯಿತು. ಎರಡು ಸಲ ಬಿದ್ದ, ಎರಡೂ ಸಲ ಚಪ್ಪಟೆಯಾಗಿ, ಶಾಸ್ತ್ರೋಕ್ತವಾಗಿ. ಅವು ಕಡಿಮೆ ಎತ್ತರದಿಂದ ಬಿದ್ದದ್ದು, ಜನ ಕೂಗುವಷ್ಟು ಹೊತ್ತೇ ಸಿಗಲಿಲ್ಲ. ಕೊನೆಗೆ ಎದುರಾಳಿ ಅವನನ್ನು ತಲೆಯ ಮೇಲೆ ಎತ್ತಿ ಹಿಡಿದು, ಆಟದ ಪ್ರಕಾರ, ನಾಲ್ಕೂ ದಿಕ್ಕಿಗೆ ತೋರಿಸುತ್ತ ನಿಧಾನವಾಗಿ ಸುತ್ತಿದ. ಆ ಸುತ್ತು ಮುಗಿಯುವ ಮೊದಲೇ ಎಲ್ಲೋ ಒಂದು ಮೂಲೆಯಲ್ಲಿ ಶುರುವಾಯಿತು. ಆಮೇಲೆ ಇಡೀ ಬಯಲು.

"ಬೆನ್ನು ಕೊಡಬ್ಯಾಡಲೇ!"

ನನ್ನ ಪಕ್ಕದಲ್ಲಿ ತಾಯಿಯೂ ಎದ್ದಿದ್ದರು. ಮುಖ ಅರಳಿತ್ತು. ಗಂಡನ ಗರಡಿಯಲ್ಲಿ ಎಷ್ಟೋ ವರ್ಷ ಕೇಳಿದ ಕೂಗು, ತಾವೂ ಕೈ ಬೀಸಿ ಕೂಗಿದರು: "ಬೆನ್ನು ಕೊಡಬ್ಯಾಡಪ್ಪಾ!"

ಅವನು ಹೊರಳಿದ.

ಅವನು ಬದುಕಿದ್ದಾನೆ, ಇಲ್ಲೇ ಹೇಳಿಬಿಡುತ್ತೇನೆ. ಸತ್ತನೋ ಉಳಿದನೋ ಎಂದು ಓದುವವರನ್ನು ಕಾಡಿಸುವುದು ನನಗೆ ಹಿಡಿಸುವುದಿಲ್ಲ. ಬದುಕಿದ್ದಾನೆ, ಕುರುಗೋಡಿನ ಮನೆಯಲ್ಲಿ ಮಂಚದ ಮೇಲಿದ್ದಾನೆ, ಮಾತಾಡುತ್ತಾನೆ. ಕತ್ತಿನಿಂದ ಕೆಳಗೆ ಮೈ ಅವನ ಮಾತು ಕೇಳುವುದಿಲ್ಲ. ನಾವಿಬ್ಬರೂ ಹೋದಾಗ ಸಿನಿಮಾ ಬಗ್ಗೆ ಕೇಳುತ್ತಾನೆ, ನಾವು ಹೇಳುತ್ತೇವೆ.

ಅವತ್ತು ಅವನು ಬಿದ್ದಲ್ಲೇ ಇದ್ದ. ಜನ ಕುಣಿಯುತ್ತಿದ್ದರು, ಬೆನ್ನು ತಾಗಿಲ್ಲ ಎಂದು. ಎದುರಾಳಿ ಅವನ ಪಕ್ಕ ಮೊಣಕಾಲೂರಿ ಅವನ ಕೈ ಹಿಡಿದುಕೊಂಡ. ಈ ಆಟಗಾರರಲ್ಲಿ ಅದೊಂದು ಗುಟ್ಟಿನ ಪದ್ಧತಿ. ಹಿಡಿದವನು ಒಮ್ಮೆ ಅದುಮುತ್ತಾನೆ, ಬಿದ್ದವನು ತಿರುಗಿ ಅದುಮಿದರೆ ಕ್ಷೇಮ ಎಂದರ್ಥ. ಎದುರಾಳಿ ಅದುಮಿದ. ಕಾದ. ಮತ್ತೆ ಅದುಮಿದ. ಆಮೇಲೆ ಅವನು ಮುಖವಾಡ ಕಿತ್ತೆಸೆದು ಸುತ್ತಲೂ ನೋಡತೊಡಗಿದ. ನಾನು ಎದ್ದು ನಿಂತಿದ್ದೆ.

ತಾಯಿ ಮತ್ತೆ ಕೂತು ನನ್ನ ಅಂಗಿಯ ಚುಂಗು ಹಿಡಿದು ಜಗ್ಗಿದರು. ಬಾಯಲ್ಲಿ ಇನ್ನೂ ಶೇಂಗಾ ಇತ್ತು.

"ಕುಂದ್ರು ತಮ್ಮಾ, ಹಿಂದಿನವ್ರಿಗೆ ಕಾಣಂಗಿಲ್ಲ. ಏಳ್ತಾನ ತಗೋ."