ಪೂಜೆಯ ವಸ್ತ್ರ ಮತ್ತು ನನ್ನ ಲೆನ್ಸ್

"ಅಜ್ಜಾರ, ಈ ಲೆನ್ಸ್ ಯಾವುದ್ರಲೆ ಒರಸ್ತೀರಿ?"

ಕಳೆದ ಮಂಗಳವಾರ ಬೆಳಗಾವಿಯ ಕ್ಯಾಮೆರಾ ಅಂಗಡಿಯವರು ಹೀಗೆ ಕೇಳಿದಾಗ ನಾನು ಎದೆಯುಬ್ಬಿಸಿ ಉತ್ತರ ಕೊಟ್ಟೆ. ಹದಿನಾಲ್ಕು ವರ್ಷದಿಂದ ಒಂದು ರವಿವಾರವೂ ತಪ್ಪಿಸದೆ ಮಾಡಿಕೊಂಡು ಬಂದ ಕೆಲಸ ಅದು. ನನ್ನ ಉತ್ತರ ಕೇಳಿ ಅವರು ನಗಲಿಲ್ಲ. ನಕ್ಕಿದ್ದರೆ ಎಷ್ಟೋ ಚೆನ್ನಾಗಿತ್ತು. ಲೆನ್ಸನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, "ಹಂಗಾರ ಗೊತ್ತಾತು ಬಿಡ್ರಿ," ಎಂದರು. ರಿಪೋರ್ಟ್ ಓದಿದ ಡಾಕ್ಟರು ಕನ್ನಡಕ ತೆಗೆದು ಕೆಳಗಿಡುತ್ತಾರಲ್ಲ, ಥೇಟ್ ಹಾಗೆ.

ಮೊದಲಿನಿಂದ ಹೇಳುತ್ತೇನೆ. ಈ ವಾರ ಸುತ್ತಿ ಬಳಸಿ ಮಾತನಾಡುವ ಹಕ್ಕು ನನಗಿಲ್ಲ.

ನನ್ನ ದಿನಚರಿ ಈ ಅಂಕಣದ ಓದುಗರಿಗೆ ಬಾಯಿಪಾಠ. (ಗೊತ್ತಿಲ್ಲದವರು ಪುಣ್ಯವಂತರು.) ನಾಲ್ಕೂವರೆಗೆ ಏಳುವುದು, ಐದಕ್ಕೆ ನಡಿಗೆ, ಆರಕ್ಕೆ ಸ್ನಾನ, ಲಿಂಗಪೂಜೆ, ಏಳಕ್ಕೆ ಚಹಾ. ಬೈಲಹೊಂಗಲದ ಹೈಸ್ಕೂಲಿನಲ್ಲಿ ಹೆಡ್‌ಮಾಸ್ತರನಾಗಿ ನಿವೃತ್ತನಾದೆ. ಗಂಟೆ ಮಾತ್ರ ತಲೆಯೊಳಗೆ ಇನ್ನೂ ಬಾರಿಸುತ್ತದೆ. ಪ್ರತಿ ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳ ಉಗುರು ತಪಾಸಣೆಯನ್ನು ನಾನೇ ಮಾಡುತ್ತಿದ್ದೆ. ಸಾಲಾಗಿ ನಿಂತು ಎರಡೂ ಕೈ ಚಾಚಬೇಕು. ಕೊಳೆ ಕಂಡರೆ ಪಟ್ಟಿಯ ಏಟು. ಈಗಲೂ ಬಜಾರದಲ್ಲಿ ನಾನು ಎದುರಾದರೆ, ತಲೆ ನರೆತ ವಿದ್ಯಾರ್ಥಿಗಳು ಕೈಯನ್ನು ಕಿಸೆಗೆ ಸೇರಿಸುತ್ತಾರೆ.

ಕ್ಯಾಮೆರಾ ನನ್ನ ಒಂದೇ ಶೋಕಿ. ತೊಂಬತ್ತೊಂದರಲ್ಲಿ ಕೊಂಡದ್ದು, ರೋಲ್ ಹಾಕುವಂಥದ್ದು. ರವಿವಾರ ಪೂಜೆ ಮುಗಿದ ಕೂಡಲೇ, ಪೂಜೆಯ ಬಿಳಿ ವಸ್ತ್ರದಿಂದ ಅದರ ಲೆನ್ಸನ್ನು ಇಪ್ಪತ್ತು ಸುತ್ತು ಒರೆಸಿ ಕಪಾಟಿಗೆ ಸೇರಿಸುವುದು ನನ್ನ ನಿಯಮ. ಮನೆಯಲ್ಲಿ ಅದಕ್ಕಿಂತ ಶುದ್ಧವಾದ ಬಟ್ಟೆ ಇನ್ನಾವುದಿದೆ?

ಎರಡು ವರ್ಷದಿಂದ ಫೋಟೊಗಳು ಕೆಡುತ್ತ ಬಂದವು. ಕಿತ್ತೂರಿನ ಕೋಟೆ ತೆಗೆದರೆ ಗೋಡೆಯ ಮೇಲೆ ಹಾಲು ಚೆಲ್ಲಿದ ಹಾಗೆ. ಚಚಡಿಯ ವಾಡೆ ತೆಗೆದರೆ ಮಟಮಟ ಮಧ್ಯಾಹ್ನವೂ ಮಂಜು. ಈ ಅಂಕಣದ ಜೊತೆ ಅಚ್ಚಾಗುವುದು ನಾನೇ ತೆಗೆದ ಚಿತ್ರಗಳು. ಸಂಪಾದಕರು ಒಂದು ದಿನ ಫೋನ್ ಮಾಡಿಯೇ ಬಿಟ್ಟರು.

"ಸರ, ನಿಮ್ಮ ಬರವಣಿಗಿ ಭಾಳ ಖಡಕ್ ಇರತೈತಿ. ಫೋಟೊ ಮಾತ್ರ ನೀರ ಮಜ್ಜಿಗಿ ಆಗ್ಯಾವ ನೋಡ್ರಿ."

ನೀರು ಮಜ್ಜಿಗೆ! ಇದಕ್ಕೆ ಯಾರೋ ಕಾರಣರಿರಬೇಕಲ್ಲ? ನಾನಂತೂ ಅಲ್ಲ. ರೋಲ್ ತೊಳೆದು ಪ್ರಿಂಟ್ ಹಾಕುವವನು ಗೌತಮ. ಬೈಲಹೊಂಗಲದಲ್ಲಿ ಕಲರ್ ಪ್ರಿಂಟ್ ಹಾಕುವ ಸ್ಟುಡಿಯೊ ಇರುವುದೇ ಅವನದೊಂದು. ನನ್ನ ಕೈಯಲ್ಲೇ ಎಸ್ಸೆಸ್ಸೆಲ್ಸಿ ಮುಗಿಸಿದವನು. ಈಗ ಮೀಸೆಯಲ್ಲಿ ಬಿಳಿ ಕೂದಲು, ಬಾಗಿಲ ಮೇಲೆ ಮಾಲೆ ಹಾಕಿದ ಬುದ್ಧನ ಪಟ. ಪ್ರಿಂಟ್‌ಗಳನ್ನು ಅವನ ಮೇಜಿನ ಮೇಲೆ ಚೆಲ್ಲಿ, ಗಿರಾಕಿಗಳ ಎದುರಿಗೇ ದಬಾಯಿಸಿದೆ.

ಆತ ಒಂದೊಂದೇ ಪ್ರಿಂಟ್ ಎತ್ತಿ ಬೆಳಕಿಗೆ ಹಿಡಿದು ನೋಡಿದ. "ಸರ, ಪ್ರಿಂಟಿಂದು ದೋಷ ಅಲ್ರಿ ಇದು. ಒಮ್ಮೆ ಲೆನ್ಸ್ ಕೊಡ್ರಿ, ನೋಡತೇನಿ," ಎಂದು ಕೈ ಚಾಚಿದ.

ನಾನು ಕ್ಯಾಮೆರಾವನ್ನು ಎದೆಗೆ ಎಳೆದುಕೊಂಡೆ.

"ಬ್ಯಾಡಪಾ, ಮುಟ್ಟಬ್ಯಾಡ. ಪೂಜಿ ಅರಿವಿಲೆ ಒರಸಿದ್ದೈತಿ."

ಚಾಚಿದ ಕೈ ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಆ ಕೈ ಪ್ರಿಂಟ್‌ಗಳನ್ನು ಜೋಡಿಸಿ ಕವರಿಗೆ ಹಾಕಿತು. ಆತ ಇನ್ನೊಂದು ಮಾತನ್ನೂ ಆಡಲಿಲ್ಲ. ಅದನ್ನು ನಾನು ತಪ್ಪಿನ ಒಪ್ಪಿಗೆ ಎಂದುಕೊಂಡೆ.

ಅದೇ ವಾರ ಇದೇ ಅಂಕಣದಲ್ಲಿ ಬರೆದೆ. ನಿಮಗೆ ನೆನಪಿರಬಹುದು. ನಮ್ಮೂರಿನ ಸ್ಟುಡಿಯೊ ಒಂದು ಕೆಮಿಕಲ್‌ಗೆ ನೀರು ಬೆರೆಸುತ್ತದೆ, ಕೇಳಿದರೆ ಗಿರಾಕಿಯ ಕ್ಯಾಮೆರಾದ ಮೇಲೆ ತಪ್ಪು ಹೊರಿಸುತ್ತದೆ ಎಂದು. ಕೆಮಿಕಲ್ಲನ್ನು ನಾನು ಕಣ್ಣಿನಿಂದ ನೋಡಿರಲಿಲ್ಲ. ಹೆಸರು ಹಾಕಿರಲಿಲ್ಲ. (ಅಷ್ಟರ ಮಟ್ಟಿಗೆ ಸಜ್ಜನ!) ಇರುವ ಒಂದೇ ಸ್ಟುಡಿಯೊಗೆ ಹೆಸರು ಬೇರೆ ಬೇಕೆ? ಬೆಳಗಿನ ನಡಿಗೆಯಲ್ಲಿ ನಾಲ್ಕು ಜನ ನಿಲ್ಲಿಸಿ, "ಭಾಳ ಚಲೋ ಬರದೀರಿ ಸರ," ಎಂದರು. ಹಿಗ್ಗಿದೆ.

ಮುಂದಿನ ರೋಲನ್ನು ಬೆಳಗಾವಿಯಲ್ಲಿ ತೊಳೆಸಿದೆ. ಅದೂ ನೀರು ಮಜ್ಜಿಗೆಯೇ.

ಓದುಗರೇ, ಅಂದೇ ನಾನು ನೆಟ್ಟಗೆ ಗೌತಮನ ಅಂಗಡಿಗೆ ಹೋಗಬೇಕಿತ್ತಲ್ಲವೇ? ಹೋಗಲಿಲ್ಲ. ಕ್ಯಾಮೆರಾಕ್ಕೆ ವಯಸ್ಸಾಯಿತು ಎಂದುಕೊಂಡೆ. ಎಷ್ಟು ಅನುಕೂಲವಾದ ವಿಚಾರ ನೋಡಿ! ಹಾಳೆ ತೆಗೆದು ನಡುವೆ ಗೀಟು ಎಳೆದೆ. ಎಡಕ್ಕೆ ಹೊಸ ಬಾಡಿ, ಅಂದರೆ ಕ್ಯಾಮೆರಾದ ಡಬ್ಬಿ. ಬಲಕ್ಕೆ ಹೊಸ ಲೆನ್ಸ್. ಯಾವುದನ್ನು ಕೊಳ್ಳುವುದು?

ಜೊತೆಗೆ ನಡಿಗೆಗೆ ಬರುವ ವಕೀಲರು ಬಾಡಿಯ ಪರ. "ಮಾಸ್ತರ, ಈಗ ಡಿಜಿಟಲ್ ಬಂದೈತಿ. ರೋಲ್ ಇಲ್ಲ, ತೊಳಿಯೂದಿಲ್ಲ. ಬಾಡಿ ಬದಲ ಮಾಡ್ರಿ."

ರಾಮದುರ್ಗದ ಅಳಿಯ ಲೆನ್ಸಿನ ಪರ. "ಮಾವಾರ, ಬಾಡಿ ಏನ್ರೀ, ಬರೇ ಡಬ್ಬಿ. ನೋಡೂದು ಲೆನ್ಸ್. ಕಣ್ಣ ಮಂಜಾದ್ರ ಅಂಗಿ ಬದಲ ಮಾಡ್ತಾರೇನ್ರಿ?"

ಹದಿನೈದು ದಿನ ಎರಡೂ ಬದಿಗೆ ಅಂಕ ಕೊಟ್ಟೆ, ಕೂಡಿಸಿದೆ, ಅಳಿಸಿದೆ. ಕೊನೆಗೆ ನನ್ನ ಹೆಂಡತಿ ಅಡುಗೆ ಮನೆಯಿಂದಲೇ ಕೂಗಿದಳು. "ಹಾಲ ನೋಡ್ರಿ ಅಂತ ಹೇಳಿ ಹಿತ್ತಲಕ್ಕ ಹೋಗಿದ್ದೆ. ನೀವು ಗೀಟ ಹೊಡಕೋತ ಕುಂತ್ರಿ, ಅದು ಉಕ್ಕಿ ಹೋತು. ಹಾಲ ನೋಡಾಕ ಯಾವ ಲೆನ್ಸ್ ಬೇಕ್ರಿ?"

ತಪ್ಪು ನನ್ನದೇ ಇರಬಹುದು ಎಂಬುದಕ್ಕೆ ಆ ಹಾಳೆಯಲ್ಲಿ ಜಾಗವೇ ಇರಲಿಲ್ಲ.

ಹೀಗೆ ಬೆಳಗಾವಿಗೆ ಹೋದೆ. ಅಂಗಡಿಯವರು ನನ್ನ ಹಳೆಯ ಲೆನ್ಸನ್ನು ಬಿಚ್ಚಿ ಹೊಸ ಡಿಜಿಟಲ್ ಬಾಡಿಗೆ ಕೂಡಿಸಿದರು. ರಸ್ತೆಯ ಕಡೆ ಹಿಡಿದು ಒಂದು ಫೋಟೊ ಹೊಡೆದರು. ಹಿಂದಿನ ಪುಟ್ಟ ಪರದೆಯಲ್ಲಿ ಅದೇ ಹಾಲು, ಅದೇ ಮಂಜು. ಲೆನ್ಸ್ ತೆಗೆದು ಹೊಸದೊಂದನ್ನು ಹಾಕಿ ಅಲ್ಲಿಂದಲೇ ಇನ್ನೊಂದು ಹೊಡೆದರು. ಎದುರಿನ ಹಣ್ಣಿನ ಗಾಡಿಯ ಮೇಲಿದ್ದ ಪೇರಲದ ಚುಕ್ಕೆಗಳೂ ಕಂಡವು. ಬಳಿಕ ನನ್ನ ಲೆನ್ಸನ್ನು ದೀಪಕ್ಕೆ ಓರೆಯಾಗಿ ಹಿಡಿದು ತೋರಿಸಿದರು. ಗಾಜಿನ ಮೇಲೆ ಕೂದಲಿಗಿಂತ ತೆಳ್ಳಗಿನ ಗೀರುಗಳು, ಸಾವಿರಾರು. ಎಲ್ಲವೂ ದುಂಡಗೆ, ಸುತ್ತಿ ಸುತ್ತಿ.

ಆಗಲೇ ಅವರು ಯಾವುದರಿಂದ ಒರೆಸುತ್ತೀರಿ ಎಂದು ಕೇಳಿದ್ದು.

"ಪೂಜಿ ಅರಿವಿಲೆ ಒರಸ್ತೇನ್ರಿ. ಪ್ರತಿ ರವಿವಾರ."

"ಅದರಾಗ ವಿಭೂತಿ ಇರತೈತೆಲ್ರಿ ಅಜ್ಜಾರ. ಕೈಗೆ ಮೆತ್ತಗ ಹತ್ತತೈತಿ ಖರೆ, ಅದರಾಗ ಉಸುಕಿನಂಥಾ ಸಣ್ಣ ಹಳಕು ಇರತಾವ. ವಾರಾ ವಾರಾ ತಿಕ್ಕೀರಿ. ತಿಂಗಳಿಗೊಮ್ಮೆ ಮರತಿದ್ರೂ ಲೆನ್ಸ್ ಇನ್ನಷ್ಟ ದಿನ ಬಾಳತಿತ್ತು."

ಮರೆಯಬೇಕಿತ್ತಂತೆ! ಇದೇ ಅಂಕಣದಲ್ಲಿ ಶಿಸ್ತಿನ ಬಗ್ಗೆ ಎಷ್ಟು ಸಲ ಉಪದೇಶ ಮಾಡಿದ್ದೇನೋ ಲೆಕ್ಕವಿಲ್ಲ.

ಏನನ್ನೂ ಕೊಳ್ಳದೆ ಬಸ್ ಹತ್ತಿದೆ. ಎಂ.ಕೆ. ಹುಬ್ಬಳ್ಳಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ಮುಕ್ಕಾಲು ಗಂಟೆ ನಿಂತಿತು. ಬೇರೆ ದಿನವಾಗಿದ್ದರೆ ಕಂಡಕ್ಟರನಿಗೆ ಸಮಯಪಾಲನೆಯ ಪಾಠ ಹೇಳುತ್ತಿದ್ದೆ. ಅಂದು ಬಸ್ಸು ಅಲ್ಲೇ ನಿಂತಿರಲಿ ಅನ್ನಿಸುತ್ತಿತ್ತು. ಊರು ಬಂದರೆ ಗೌತಮನ ಅಂಗಡಿ ಬರುತ್ತದೆ.

ಮರುದಿನ ಹನ್ನೊಂದಕ್ಕೆ ಹೋದೆ. ಮದುವೆಯ ದಿನಗಳಾದರೂ ಸ್ಟುಡಿಯೊ ಖಾಲಿ. ಗೌತಮ ಎದ್ದು ನಿಂತ.

"ಬರ್ರಿ ಸರ, ಕುಂದರ್ರಿ."

ಕೂಡ್ರಲಿಲ್ಲ. ನಿಂತೇ ಹೇಳಿದೆ: ಗೀರು, ವಿಭೂತಿ, ಎಲ್ಲ. "ತಪ್ಪಾತಪಾ ಗೌತಮ."

"ನಾ ಅವತ್ತ ಹೇಳಿದ್ನೆಲ್ರಿ ಸರ, ಪ್ರಿಂಟಿಂದಲ್ಲ ಅಂತ."

"ಹೇಳಿದ್ದಿ."

"ನೀವು ಬರದ ಮ್ಯಾಲೆ ಸಂಪಗಾಂವದವರು ಲಗ್ನದ ಆರ್ಡರ್ ಬ್ಯಾಡಂದ್ರು. ನಿಮ್ಮ ಸಾಲಿಯವರೂ ಐಡಿ ಕಾರ್ಡಿನ ಫೋಟೊ ಬ್ಯಾರೆ ಕಡೆ ಮಾಡಿಸಿದ್ರು. ಅದ್ಹೋಗ್ಲಿ ಬಿಡ್ರಿ. ನನ್ನ ಮಗಳಿಗೆ ಕ್ಲಾಸಿನ್ಯಾಗ ಅಂದಾರ, ನಿಮ್ಮಪ್ಪ ನೀರ ಹಾಕತಾನಂತ."

"ಈಗ ನಾ ಏನ್ ಮಾಡ್ಲೆಪಾ?" ಎಂದೆ.

"ಪೇಪರಿನ್ಯಾಗ ಬರೀರಿ ಸರ. ಅಂಗಡ್ಯಾಗ ಬಂದು ತಪ್ಪಾತು ಅಂದ್ರ ಕೇಳಾಂವ ನಾ ಒಬ್ಬನ."

"ಬರೀತೇನಿ."

"ಹೆಸರ ಹಾಕಿ ಬರೀರಿ. ಅವತ್ತ ಹೆಸರ ಹಾಕದಿದ್ರೂ ಊರಿಗೆಲ್ಲ ತಿಳೀತು. ಈಗ ಹಾಕದಿದ್ರ ಒಬ್ಬರಿಗೂ ತಿಳ್ಯಾಂಗಿಲ್ಲ."

ಹಾಕಿದ್ದೇನೆ. ಗೌತಮನ ಪ್ರಿಂಟ್‌ಗಳು ಸರಿ ಇದ್ದವು, ಕೆಮಿಕಲ್ ಸರಿ ಇತ್ತು, ಅವನ ಮಾತೂ ಸರಿ ಇತ್ತು. ಅಂದು ನಾನು ಬರೆದದ್ದು ಸುಳ್ಳು. ಚಲೋ ಬರೆದಿದ್ದೀರಿ ಎಂದ ಆ ನಾಲ್ವರು ಇದನ್ನೂ ಓದಲಿ.

ಇಷ್ಟು ಬರೆದು ಪೆನ್ನು ಕೆಳಗಿಟ್ಟರೆ ಅರ್ಧ ಸತ್ಯವಾದೀತು. ಅಂದು ಕ್ಯಾಮೆರಾವನ್ನು ಎದೆಗೆ ಎಳೆದುಕೊಂಡೆನಲ್ಲ, ಯಾಕೆ? ಲೆನ್ಸಿನ ಮೇಲಿನ ಕಾಳಜಿ ಎಂದು ಇಷ್ಟು ದಿನ ನಂಬಿದ್ದೆ. ಆದರೆ ಬೆಳಗಾವಿಯಲ್ಲಿ, ಹೆಸರೂ ಗೊತ್ತಿಲ್ಲದ ಅಂಗಡಿಯವರು ಕೈ ಚಾಚಿದಾಗ ಲೆನ್ಸನ್ನು ತಟ್ಟನೆ ಕೊಟ್ಟೆ. ಬೆಳಗಾವಿಗೆ ಒಯ್ದಾಗಲೂ ಅದನ್ನು ಪೂಜೆಯ ವಸ್ತ್ರದಿಂದಲೇ ಒರೆಸಿದ್ದೆ. ಬುದ್ಧನ ಪಟದ ಕೆಳಗೆ ಚಾಚಿದ ಕೈಗೆ ಮಾತ್ರ ಕೊಡಲಾಗಲಿಲ್ಲ. ಜಾತಿ ಸುಳ್ಳು, ಎಲ್ಲರೂ ಸಮಾನರು ಎಂದು ಮನೆ ಮಠಗಳಲ್ಲಿ ಹೇಳುತ್ತ, ಕೇಳುತ್ತ ಬೆಳೆದವನು ನಾನು. ಉಳಿದದ್ದನ್ನು ನೀವೇ ಓದಿಕೊಳ್ಳಿ.

ಬಾಡಿಯೋ ಲೆನ್ಸೋ ಎಂದು ಕೇಳುತ್ತಿದ್ದವರಿಗೆ ಉತ್ತರ: ಲೆನ್ಸ್. ಬಾಡಿ ಗಟ್ಟಿಯಾಗಿದೆ. ಅಳಿಯ ಗೆದ್ದ, ವಕೀಲರು ಸೋತರು.

ಆ ದಿನ ಸ್ಟುಡಿಯೊದಿಂದ ಹೊರಡುವ ಮುನ್ನ ಚೀಲದಿಂದ ಹಳೆಯ ಲೆನ್ಸ್ ತೆಗೆದು, "ಅವತ್ತ ನೋಡತೇನಿ ಅಂದಿದ್ದಿ. ಈಗರೆ ನೋಡಪಾ," ಎಂದು ಗೌತಮನ ಮುಂದೆ ಹಿಡಿದೆ. ಆತ ತಕ್ಷಣ ತೆಗೆದುಕೊಳ್ಳಲಿಲ್ಲ. ಕರವಸ್ತ್ರದಿಂದ ಕೈ ಒರೆಸಿಕೊಂಡ. ಬಳಿಕ, ಶಾಲೆಯ ಸೋಮವಾರದ ಸಾಲಿನಲ್ಲಿ ನಿಂತ ಹಾಗೆ, ಎರಡೂ ಕೈಗಳನ್ನು ನನ್ನ ಮುಂದೆ ಚಾಚಿದ. ಮೊದಲು ಅಂಗೈ, ಆಮೇಲೆ ಉಗುರು.

"ನೋಡ್ಕೊಳ್ರಿ ಸರ, ಸ್ವಚ್ಛ ಅದಾವು."

ಆತ ನಗುತ್ತಿದ್ದ. ನಾನು ಯಾವ ಮುಖ ಇಟ್ಟುಕೊಂಡು ನಗಲಿ?