ಬುತ್ತಿಯ ಮುಂದೆ ನನ್ನ ಡಯಟ್

ಗೆಳೆಯರೆ, ಇದನ್ನು ಬ್ಲಾಗಿನಲ್ಲಿ ಬರೆಯದೆ ಬಿಡಬೇಕೆಂದೇ ಇದ್ದೆ. ಇವತ್ತು ಉಗರಗೋಳಕ್ಕೆ, ಮೊನ್ನೆ ಗಂಡನನ್ನು ಕಳೆದುಕೊಂಡ ಗೆಳತಿ ಶಾಂತಾಳಿಗೆ ಬುತ್ತಿ ಒಯ್ದಿದ್ದೆ. ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ಬುತ್ತಿ ತಂದವರೇ ಜೊತೆಗೆ ಕುಳಿತು ಉಣ್ಣಿಸಬೇಕು. ಎರಡು ದಿನದಿಂದ ಅವಳು ಏನೂ ತಿಂದಿರಲಿಲ್ಲ.

ಮೊಸರನ್ನ ಬಡಿಸಿದೆ. ಬಹಳ ಹೊತ್ತಿನ ಮೇಲೆ ಅವಳು ಒಂದು ತುತ್ತು ಕೈಗೆತ್ತಿಕೊಂಡು, "ನೀನೂ ಉಣ್ಣವಾ, ಒಬ್ಬಾಕಿಗೆ ಗಂಟಲದಾಗ ಇಳಿಯಂಗಿಲ್ಲ" ಅಂದಳು.

"ನಂದು ಡಯಟ್ ನಡದೈತಿ, ಅನ್ನ ಬಿಟ್ಟೇನಿ. ನೀ ಉಣ್ಣು" ಅಂದೆ. ಬಾಯಿಗೆ ರೂಢಿಯಾದ ಮಾತು.

ಅವಳು ತುತ್ತನ್ನು ತಟ್ಟೆಯಲ್ಲೇ ಬಿಟ್ಟು ಕೈ ತೊಳೆದಳು. ಬಾಗಿಲಲ್ಲಿ ಕುಳಿತಿದ್ದ ಅವಳ ಸೋದರತ್ತೆ, "ಹಸದಾಕಿಗೆ ಉಣಸಾಕ ಬಂದು ನಿನ್ನ ಸೊಂಟಾ ಕಾಯ್ಕೋತ ಕುಂತಿಯಲ್ಲ, ಭಾಳ ಶಾಣ್ಯಾಕಿ ಅದಿ ಬಿಡವಾ" ಅಂದರು. ಗಾಬರಿಯಲ್ಲಿ ಒಂದು ಹಿಡಿ ಅನ್ನ ಬಾಯಿಗಿಟ್ಟೆ. ಶಾಂತಾ ತಿರುಗಿ ನೋಡಲಿಲ್ಲ.

ಮೂರು ತಿಂಗಳಲ್ಲಿ ನನ್ನ ಡಯಟ್ ಮುರಿದದ್ದು ಇವತ್ತೊಂದೇ ದಿನ, ಅದೂ ಯಾರ ಹೊಟ್ಟೆಗೂ ಉಪಯೋಗವಾಗದ ಹೊತ್ತಿನಲ್ಲಿ. ನಾನು ಇಷ್ಟು ದಿನ ಕಲಿತದ್ದು ಶಿಸ್ತೋ, ಬರೀ ಹಟವೋ? ನಾಳೆಗೆ ಬಿಟ್ಟರೆ ಇದನ್ನು ಅಳಿಸಿಬಿಡುತ್ತೇನೆ. ಅದಕ್ಕೇ ಇವತ್ತೇ ಹಾಕುತ್ತೇನೆ, 12 ಜುಲೈ 2009.