ಯಾರ ಮಗಳವ್ವಾ ನೀ?

ಆಗ ಬನಹಟ್ಟಿಯ ನಮ್ಮ ಓಣಿಯಲ್ಲಿ ಮಕ್ಕಳ ಜಾಣತನಕ್ಕೆ ಒಂದೇ ಪರೀಕ್ಷೆ ಇತ್ತು. ದೊಡ್ಡವರು ಯಾರಾದರೂ ನಿಲ್ಲಿಸಿ "ಯಾರ ಮಗಳವ್ವಾ ನೀ?" ಎಂದು ಕೇಳಿದರೆ ತಡವರಿಸದೆ ಹೇಳಬೇಕು. ಅಪ್ಪನ ಹೆಸರು, ಅಡ್ಡಹೆಸರು, ಓಣಿ, ಮನೆಯ ಗುರುತು, ಅವ್ವನ ತವರೂರು. ನಾನು ಆರು ವರ್ಷದವಳಿದ್ದಾಗಲೇ ಅಷ್ಟನ್ನೂ ಒಂದೇ ಉಸಿರಿಗೆ ಒಪ್ಪಿಸುತ್ತಿದ್ದೆ. ಕೇಳಿದವರು ಖುಷಿಯಾಗಿ ಕೈಯಲ್ಲಿ ಪೆಪ್ಪರಮೆಂಟು ಇಡುತ್ತಿದ್ದರು. ಕಲಿಸಿದವಳು ಆಯಿ, ಅಪ್ಪನ ತಾಯಿ. ಬಾಯಿ ಮುಚ್ಚಿಕೊಂಡು ನಿಲ್ಲುವ ಮಕ್ಕಳನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಅಂಥ ಮನೆಗೆ ರೀತಿ ಇಲ್ಲ ಎನ್ನುತ್ತಿದ್ದಳು.

ನಮ್ಮ ಮನೆಯಲ್ಲಿ ಎರಡು ಪವರ್‌ಲೂಮ್ ಇದ್ದವು. ಒಂದನ್ನು ಅಪ್ಪ, ಇನ್ನೊಂದನ್ನು ಅವ್ವ ನೋಡಿಕೊಳ್ಳುತ್ತಿದ್ದರು. ಆ ಖಟಖಟ ಸದ್ದಿನಲ್ಲಿ ಮಾತಾಡಿ ಮಾತಾಡಿ ನಮ್ಮದು ದೊಡ್ಡ ದನಿಯಾಗಿತ್ತು. ನಾನು ಏಳನೆಯ ಇಯತ್ತೆಯಲ್ಲಿದ್ದಾಗ ಅಪ್ಪ ಸೀರೆಯ ಅಂಚಿಗೆ ಹೊಸ ಡಿಸೈನ್ ಬರೆಯಲೆಂದು ಹಳೆಯ ಕಂಪ್ಯೂಟರ್ ಒಂದನ್ನು ತಂದು ಇಂಟರ್ನೆಟ್ಟನ್ನೂ ಹಾಕಿಸಿದ. ನೂಲಿನ ಧೂಳು ಕೂಡಬಾರದೆಂದು ಅದನ್ನು ಒಳಕೋಣೆಯಲ್ಲಿ, ಬಾಗಿಲಿಗೆ ಬೆನ್ನು ಮಾಡಿ ಇಟ್ಟ. ಕೂತವರನ್ನು ಬಿಟ್ಟು ಮತ್ಯಾರಿಗೂ ಪರದೆ ಕಾಣುತ್ತಿರಲಿಲ್ಲ. ಧೂಳಿನ ಚಿಂತೆ ಬಿಟ್ಟರೆ ಬೇರೆ ಚಿಂತೆ ಯಾರಿಗೂ ಹೊಳೆದಿರಲಿಲ್ಲ.

ಆ ಬೇಸಿಗೆ ರಜೆಯಲ್ಲಿ ಐದು ಕಲ್ಲಿನ ಆಟ ಬಿಟ್ಟೆ. ಬಟ್ಟಲ ತುಂಬ ಚುರುಮುರಿ ಹಾಕಿಕೊಂಡು ಮಧ್ಯಾಹ್ನವೆಲ್ಲ ಕಂಪ್ಯೂಟರ್ ಮುಂದೆ ಕೂಡುತ್ತಿದ್ದೆ. ಗೆಳತಿಯೊಬ್ಬಳು ಹೇಳಿಕೊಟ್ಟ ಚಾಟ್ ರೂಮಿನಲ್ಲಿ ನನಗೆ ಸ್ನೇಹಾ ಸಿಕ್ಕಳು. ಮುಧೋಳದವಳು, ನನ್ನದೇ ವಯಸ್ಸು ಎಂದಳು. ನೀನು ಯಾರು, ಎಲ್ಲಿಯವಳು ಎಂದು ಕೇಳಿದಳು. ಕೇಳಿದ ಮೇಲೆ ಮುಗಿಯಿತು, ನಾನು ಕಲಿತ ಪಾಠವನ್ನೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಿ ಕಳಿಸಿದೆ. ನೀರಿನ ಟಾಕಿ ದಾಟಿ ಮೂರನೆಯ ಮನೆ, ಹಸಿರು ಬಾಗಿಲು. ಅಪ್ಪ ಸೀರೆ ಮುಟ್ಟಿಸಲು ಪ್ರತಿ ಬುಧವಾರ ಜಮಖಂಡಿಗೆ ಹೋಗುತ್ತಾನೆ ಎಂಬುದನ್ನೂ ಸೇರಿಸಿದೆ. ಅವಳು ಕೇಳಿರಲಿಲ್ಲ, ರೀತಿ ಇರುವ ಮನೆಯವಳಲ್ಲವೇ ಎಂದು ನಾನಾಗಿಯೇ ಹೇಳಿದೆ.

ಹತ್ತು ದಿನ ಕಳೆದ ಮೇಲೆ ಸ್ನೇಹಾ ಫೋಟೋ ಕೇಳತೊಡಗಿದಳು. ನನ್ನ ಫೋಟೋ ಕಂಪ್ಯೂಟರಿನಲ್ಲಿ ಇರಲಿಲ್ಲ, ಹಾಗಾಗಿ ಕಳಿಸಲಿಲ್ಲ. ಇದ್ದಿದ್ದರೆ ಕಳಿಸುತ್ತಿದ್ದೆ.

ಅವತ್ತು ಮಂಗಳವಾರ. ಆಯಿ ನನ್ನ ಹಿಂದೆ ಕೂತು ಶೇಂಗಾ ಸುಲಿಯುತ್ತಿದ್ದಳು. ಅವಳಿಗೆ ಓದಲು ಬರುತ್ತಿರಲಿಲ್ಲ.

"ದಿನಾ ಯಾರ ಜೋಡಿ ಮಾತಾಡಾಕತ್ತಿ ಬೇ ಅದರಾಗ?"

"ಸ್ನೇಹಾ ಅಂತ ಆಯಿ. ಮುಧೋಳದಾಕಿ."

"ಮುಧೋಳದಾಗ ಯಾರ ಮಗಳಂತ?"

"ಕೇಳಿಲ್ಲ."

"ನೀ ಹೇಳೀಯೇನು?"

"ಹ್ಞೂಂ, ಎಲ್ಲಾ ಹೇಳೀನಿ."

"ಹಂಗಾರ ಆಕಿನ್ನೂ ಕೇಳ. ಯಾವ ಓಣಿ, ಅವ್ವನ ತವರುಮನಿ ಯಾವೂರು, ಕೇಳ."

ಮುಧೋಳದಲ್ಲಿ ಆಯಿಗೆ ಬೀಗರಿದ್ದರು. ಏನಾದರೂ ಸಂಬಂಧ ಹತ್ತುತ್ತದೇನೋ ಎಂಬ ಆಸೆ ಅವಳಿಗೆ. ಕೇಳಿದೆ. ಅದೆಲ್ಲ ಯಾಕೆ, ಮೊದಲು ಫೋಟೋ ಕಳಿಸು ಎಂಬ ಉತ್ತರ ಬಂತು. ಅದನ್ನು ಓದಿ ಹೇಳಿದೆ. ಆಯಿಯ ಕೈ ನಿಂತಿತು.

"ಅವ್ವನ ತವರುಮನಿ ಹೇಳಾಕ ಬರಲಾರದ ಹುಡುಗಿ ಎಲ್ಲೈತಿ? ಮತ್ತೊಮ್ಮೆ ಕೇಳ."

ಕೇಳಿದೆ. ಬಂದ ಉತ್ತರವನ್ನು ಹಾಗೆಯೇ ಗಟ್ಟಿಯಾಗಿ ಓದಿದೆ: ನಾಳೆ ನಿಮ್ಮಪ್ಪ ಊರಲ್ಲಿ ಇರೋದಿಲ್ಲವಲ್ಲ, ಹನ್ನೊಂದಕ್ಕೆ ಬಸ್ ಸ್ಟ್ಯಾಂಡಿಗೆ ಒಬ್ಬಳೇ ಬಾ, ಮನೆಯಲ್ಲಿ ಯಾರಿಗೂ ಹೇಳಬೇಡ.

ಆಯಿ ಎದ್ದ ರಭಸಕ್ಕೆ ಮೊರ ಮಗುಚಿತು. ಕಂಪ್ಯೂಟರ್ ಆರಿಸುವುದು ಅವಳಿಗೆ ಗೊತ್ತಿರಲಿಲ್ಲ, ವೈರನ್ನೇ ಕಿತ್ತು ಅಪ್ಪನ ಬಳಿ ಓಡಿದಳು. ಸ್ವಲ್ಪ ಹೊತ್ತಿನಲ್ಲಿ ಎರಡೂ ಮಗ್ಗ ನಿಂತವು. ಕರೆಂಟು ಇದ್ದೂ ನಮ್ಮ ಮನೆಯ ಮಗ್ಗ ಹಗಲು ನಿಂತದ್ದನ್ನು ನಾನು ಕಂಡಿರಲಿಲ್ಲ. ಆಗ ನನಗೆ ಹೆದರಿಕೆಯಾಯಿತು.

ಅಪ್ಪ ಮತ್ತೆ ಕಂಪ್ಯೂಟರ್ ಹಚ್ಚಿಸಿ ಮೊದಲಿನಿಂದ ಎಲ್ಲವನ್ನೂ ಓದಿದ. "ಇಷ್ಟೆಲ್ಲಾ ಹೇಳು ಅಂತ ಯಾರ ಅಂದ್ರು ನಿನಗ?" ಎಂದು ಕೇಳಿದ. ನಾನು ಆಯಿಯ ಮುಖ ನೋಡಿದೆ.

"ನಾನ ಕಲಿಸೀನಿ," ಎಂದಳು ಆಯಿ. "ಆ ಕೂಸಿಗೆ ಏನೂ ಅನಬ್ಯಾಡ."

ಅಪ್ಪ ಪೊಲೀಸರಿಗೆ ತಿಳಿಸಿದ. ಬುಧವಾರ ಜಮಖಂಡಿಗೆ ಹೋಗದೆ ಬೆಳಗಿನಿಂದ ಸಂಜೆಯವರೆಗೆ ಬಸ್ ಸ್ಟ್ಯಾಂಡಿನಲ್ಲಿ ಕೂತ. ಬಸ್ಸಿನಿಂದ ಇಳಿದವರಲ್ಲಿ ಯಾರು ಬೇಕಾದರೂ ಆ ‘ಸ್ನೇಹಾ’ ಆಗಿರಬಹುದಿತ್ತು. "ಎಲ್ಲಾರೂ ನಮ್ಮಂಗ ಇದ್ರು," ಎಂದಷ್ಟೇ ಬಂದು ಹೇಳಿದ. ಮುಂದೆ ಎಷ್ಟೋ ತಿಂಗಳು ಹಸಿರು ಬಾಗಿಲು ಹಗಲೂ ಒಳಗಿನಿಂದ ಅಗಳಿ ಹಾಕಿಯೇ ಇರುತ್ತಿತ್ತು. ಕಂಪ್ಯೂಟರ್ ಪಡಸಾಲೆಗೆ ಬಂತು, ಹೋಗಿಬರುವವರಿಗೆಲ್ಲ ಪರದೆ ಕಾಣುವ ಹಾಗೆ. ಧೂಳು ಕೂತರೆ ಕೂಡಲಿ ಎಂದ ಅಪ್ಪ.

ನನ್ನನ್ನು ತಿದ್ದುವ ಕೆಲಸವನ್ನು ಆಯಿ ತಾನೇ ವಹಿಸಿಕೊಂಡಳು. ರೊಟ್ಟಿ ಬಡಿಯುತ್ತ ಇದ್ದಕ್ಕಿದ್ದಂತೆ "ಯಾರ ಮಗಳವ್ವಾ ನೀ?" ಎನ್ನುವಳು. ನಾನು ರೂಢಿಯಂತೆ ಬಾಯಿ ತೆರೆದರೆ "ಹೇಳಬ್ಯಾಡಂದ್ರ!" ಎಂದು ಸಿಡುಕುವಳು. ಸುಮ್ಮನಿರುವುದನ್ನು ಕಲಿಯಲು ನನಗೆ ಒಂದು ತಿಂಗಳು ಹಿಡಿಯಿತು. ಕಲಿತ ದಿನ ಅವಳ ಮುಖದಲ್ಲಿ ಸಂತೋಷವೇನೂ ಕಾಣಲಿಲ್ಲ.

ಈಗ ನನಗೂ ಏಳು ವರ್ಷದ ಮಗಳಿದ್ದಾಳೆ. ಪರದೆಯ ಒಳಗಿರಲಿ ಹೊರಗಿರಲಿ, ಗೊತ್ತಿಲ್ಲದವರಿಗೆ ಹೆಸರು, ಊರು, ಮನೆ ಹೇಳಬಾರದೆಂದು ಕಲಿಸಿದ್ದೇನೆ. ಹೋದ ವರ್ಷ ಸಾವಳಗಿಯ ನಂಟರ ಮನೆಗೆ ಹೋದಾಗ ಅವಳು ಆಡುತ್ತ ದಾರಿ ತಪ್ಪಿದಳು. ನಮ್ಮ ಕಾಲದಲ್ಲಿ ಹಾಗೆ ತಪ್ಪಿದ ಮಗುವನ್ನು ಹತ್ತು ನಿಮಿಷದಲ್ಲಿ ಯಾರೋ ಒಬ್ಬರು ಮನೆಗೆ ತಂದು ಬಿಡುತ್ತಿದ್ದರು. ಇವಳು ಸಿಕ್ಕದ್ದು ಒಂದು ತಾಸಿನ ಮೇಲೆ, ನಂಟರ ಮನೆಯಿಂದ ಇನ್ನೂರು ಹೆಜ್ಜೆ ಆಚೆ. ಬೇವಿನ ಮರದ ನೆರಳಿಗೆ ಒತ್ತಿ ನಿಂತಿದ್ದಳು. ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಕುರಿಗಾಹಿ ಅಜ್ಜನೊಬ್ಬ ಆಚೆ ಬಿಸಿಲಿನಲ್ಲಿ ನಿಂತಿದ್ದ. ಅವನ ಕುರಿಗಳು ಬಹಳ ಮುಂದೆ ಹೋಗಿಬಿಟ್ಟಿದ್ದವು.

"ಎಷ್ಟ ಕೇಳಿದ್ರೂ ಯಾರ ಮಗಳಂತ ಹೇಳವಲ್ಲದ್ರೀ ಕೂಸು," ಎಂದ ಅಜ್ಜ. "ಹತ್ರ ಹೋದ್ರ ಅಳತೈತಿ. ಬಿಟ್ಟು ಹ್ಯಾಂಗ ಹೋಗೂದ್ರಿ, ಅದಕ್ಕ ಇಲ್ಲೇ ನಿಂತೀನಿ."

ಮಗಳು ಓಡಿ ಬಂದು ಸೆರಗು ಹಿಡಿದಳು. "ನಾ ಏನೂ ಹೇಳಲಿಲ್ಲ ಅವ್ವಾ," ಎಂದು ನನ್ನ ಮುಖವನ್ನೇ ನೋಡಿದಳು.

"ಛಲೋ ಮಾಡಿದಿ," ಎಂದೆ. ಅಜ್ಜನಿಗೆ ಅದು ಕೇಳಿಸಿತು.